ಪಾತ್ರೆ ನನ್ನವರೆಗೆ ಬಂದಾಗ

ಹೆಸರನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಬಂದಿದ್ದು ಕುಷ್ಠ. ಮನೆಯಲ್ಲಿ ನನ್ನ ಗಂಡ ಅದನ್ನು "ಸ್ಕಿನ್ ಪ್ರಾಬ್ಲಮ್" ಎಂದರು. ಶಾಲೆಯಲ್ಲಿ ನಾನೇ "ಅಲರ್ಜಿ" ಎಂದು ಹೇಳಿಕೊಂಡೆ. ಚರ್ಚಿನಲ್ಲಿ ಅದು "ಸುಗುಣಾ ಟೀಚರ್‌ಗೆ ಬಂದಿರುವ ಶೋಧನೆ", ಅಂದರೆ ದೇವರ ಪರೀಕ್ಷೆ, ಆಯಿತು. ಹೀಗೆ ಎಲ್ಲರೂ ಸೇರಿ ಹೆಸರಿಗೆ ಮುಸುಕು ಹಾಕಿದ್ದರಿಂದ, ಈ ಬೆಂಗಳೂರಿನಲ್ಲಿ ಅದೇ ಕಾಯಿಲೆಯ ಇನ್ನೊಬ್ಬರು ಇರಬಹುದೆಂದು ನನಗೆ ಎಷ್ಟೋ ದಿನ ಅನ್ನಿಸಲೇ ಇಲ್ಲ. ಹಾಗೆ ಒಂಟಿಯಾಗಿ ಕೂತಿರುವ ಯಾರಾದರೂ ಇದ್ದರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದು ಸಾಕ್ಷಿಯಲ್ಲ. ಸಭೆಯ ಮುಂದೆ ನಿಂತು ದೇವರು ಮಾಡಿದ ಉಪಕಾರವನ್ನು ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಎನ್ನುತ್ತಾರೆ. ಅದು ಮುಗಿಯುವ ಹೊತ್ತಿಗೆ ಕೇಳಿದವರಿಗೆಲ್ಲ ಸಂತೋಷವಾಗಬೇಕು. ಇದರಲ್ಲಿ ಅಂಥ ಭರವಸೆಯನ್ನು ನಾನು ಕೊಡಲಾರೆ.

ಮಾಗಡಿ ರಸ್ತೆಯಲ್ಲಿ ಮೆಟ್ರೋ ಕಂಬಗಳು ಇನ್ನೂ ಎದ್ದಿರದ ಕಾಲ ಅದು. ನಮ್ಮ ಮನೆ ಬಸವೇಶ್ವರನಗರದಲ್ಲಿ. ನಾನು ರಾಜಾಜಿನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ನನ್ನ ಗಂಡ ಜಯಶೀಲ ಟೆಲಿಫೋನ್ ಇಲಾಖೆಯಲ್ಲಿದ್ದರು. ನಮಗೆ ಮಕ್ಕಳಿಲ್ಲ. ಜೊತೆಯಲ್ಲಿ ಅತ್ತೆ ಇದ್ದರು. ಚಿಕ್ಕಬಳ್ಳಾಪುರದ ಕಡೆಯ ಹೆಂಗಸು, ಎಪ್ಪತ್ತು ದಾಟಿದ್ದರೂ ಬೆನ್ನು ಬಾಗಿರಲಿಲ್ಲ, ನಾಲಿಗೆಯಂತೂ ಮೊದಲೇ ಬಾಗುವಂಥದ್ದಲ್ಲ.

ಮೊಣಕೈಯ ಹತ್ತಿರ ಒಂದು ಮಾಸಲು ಮಚ್ಚೆ ಆಗಿತ್ತು. ಹುಳುಕಡ್ಡಿ ಇರಬಹುದೆಂದು ಮೆಡಿಕಲ್ ಶಾಪಿನಿಂದ ಮುಲಾಮು ತಂದು ಹಚ್ಚುತ್ತಿದ್ದೆ. ತುರಿಕೆ ಇಲ್ಲ, ನೋವಿಲ್ಲ, ಹಾಗಾಗಿ ಅದನ್ನು ಮರೆತೇಬಿಟ್ಟಿದ್ದೆ. ಒಂದು ಬೆಳಿಗ್ಗೆ ದೋಸೆ ಹುಯ್ಯುತ್ತಿದ್ದಾಗ ಅತ್ತೆ ಹಾಲ್‌ನಿಂದಲೇ ಕೇಳಿದರು, "ಸುಗುಣಾ, ಏನೋ ಸುಟ್ಟ ವಾಸನೆ. ನೋಡು."

ದೋಸೆ ನೋಡಿದೆ, ಸರಿಯಾಗಿತ್ತು. ಹಾಲು ನೋಡಿದೆ, ಉಕ್ಕಿರಲಿಲ್ಲ. ಆಮೇಲೆ ನನ್ನ ಬಲಗೈಯನ್ನು ನೋಡಿದೆ. ಕಿರುಬೆರಳು ಕಾವಲಿಯ ಅಂಚಿಗೆ ಒತ್ತಿಕೊಂಡು ಕೂತಿತ್ತು. ಸುಡುತ್ತಿದ್ದದ್ದು ಅದೇ. ಕೈ ಎಳೆದುಕೊಂಡೆ, ಆದರೆ ಎಳೆದುಕೊಳ್ಳಲು ನನಗೆ ಹೇಳಿದ್ದು ಕಣ್ಣು, ಬೆರಳಲ್ಲ. ನೋವಾಗದೇ ಇದ್ದುದಕ್ಕೆ ಅಷ್ಟು ಭಯವಾಗಬಹುದೆಂದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ವಿಜಯನಗರದ ಚರ್ಮದ ಡಾಕ್ಟರ ಕ್ಲಿನಿಕ್ಕಿಗೆ ಇಬ್ಬರೂ ಹೋದೆವು. ಮೊಡವೆಯ ಹುಡುಗಿಯರು, ಕೂದಲು ಉದುರುವ ಗಂಡಸರು ತುಂಬಿದ್ದರು. ಡಾಕ್ಟರು ಮಚ್ಚೆ ನೋಡಿದರು, ಮೊಣಕೈಯ ಹಿಂದಿನ ನರವನ್ನು ಒತ್ತಿ ನೋಡಿದರು, ಆಮೇಲೆ ಹತ್ತಿಯನ್ನು ಬತ್ತಿಯಂತೆ ಹೊಸೆದುಕೊಂಡರು.

"ಕಣ್ಣು ಮುಚ್ಕೊಳ್ಳಿ. ನಾನು ಮುಟ್ಟಿದಾಗೆಲ್ಲ ಎಲ್ಲಿ ಮುಟ್ಟಿದೆ ಅಂತ ಬೆರಳಲ್ಲಿ ತೋರಿಸಿ."

ಕಣ್ಣು ಮುಚ್ಚಿ ಕೂತೆ. ಕಾದೆ. ಅವರು ಇನ್ನೂ ಶುರುಮಾಡಲಿಲ್ಲವಲ್ಲ ಎನ್ನಿಸಿತು.

"ಹೂಂ, ರೆಡಿ ಇದೀನಿ ಡಾಕ್ಟ್ರೇ," ಎಂದೆ.

"ಮುಗೀತು ಮೇಡಂ. ಕಣ್ಣು ಬಿಡಿ," ಎಂದರು.

ಅವರು ಕಾಯಿಲೆಯ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದರು. ಅರ್ಥವಾಗಲಿಲ್ಲ. "ಅಂದ್ರೆ?" ಎಂದು ನನ್ನ ಗಂಡ ಕೇಳಿದಾಗ ಡಾಕ್ಟರು ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದರು. ಆಮೇಲೆ ತುಂಬ ಮಾತಾಡಿದರು. ಒಳ್ಳೆಯ ಔಷಧ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಗುಳಿಗೆ ಶುರುವಾದ ಮೇಲೆ ಯಾರಿಗೂ ಹರಡುವುದಿಲ್ಲ. "ಒಟ್ಟಿಗೆ ಊಟ ಮಾಡಿ, ಒಟ್ಟಿಗೆ ಮಲಗಿ. ಏನೂ ಆಗಲ್ಲ ಸಾರ್." ನನ್ನ ಗಂಡ ಪ್ರತಿ ಮಾತಿಗೂ ತಲೆಯಾಡಿಸಿದರು. ಮನೆಗೆ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವರು ಕಂಬಿ ಹಿಡಿದು ನಿಂತೇ ಬಂದರು.

ಅತ್ತೆ ಬಾಗಿಲಲ್ಲೇ ಕೂತಿದ್ದರು. "ಏನಂದ್ರು ಡಾಕ್ಟ್ರು?"

"ಸ್ಕಿನ್ ಪ್ರಾಬ್ಲಮ್ ಅಮ್ಮ," ಎಂದರು ಇವರು.

"ಕುಷ್ಠ, ಅತ್ತೆ," ಎಂದೆ ನಾನು. ಆ ಪದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಕೂಡಲೇ ಅಳು ಬಂತು.

ಅತ್ತೆ ಕೇಳಿದರು, "ಗುಳಿಗೆ ಐತಂತಾ?"

"ಇದೆ."

"ಮತ್ಯಾಕೆ ಅಳ್ತೀಯಾ. ನೀನೇನು ಪಾಪ ಮಾಡಿದ್ಯೋ ನಿನಗೆ ಗೊತ್ತು, ದೇವರಿಗೆ ಗೊತ್ತು. ಹೋಗಿ ಮುದ್ದೆಗೆ ಎಸರಿಡು."

ಅದು ಸಮಾಧಾನದ ಮಾತಾಗಿರಲಿಲ್ಲ. ಆ "ಪಾಪ" ಎಂಬ ಪದ ನನ್ನನ್ನು ಬಹಳ ದಿನ ಕೊರೆಯಿತು. ಆದರೆ ಅವತ್ತು ಮಧ್ಯಾಹ್ನ ನಾನು ಇದೇ ಕೈಯಲ್ಲಿ ತಿರುವಿ ಕಟ್ಟಿದ ಮುದ್ದೆಯನ್ನು ಅವರು ಎಂದಿನಂತೆ ಮುರಿದು, ಅದ್ದಿ, ನುಂಗಿದರು. ಉಪ್ಪು ಕಮ್ಮಿ ಎಂದೂ ಅಂದರು. ನನ್ನ ಗಂಡ ಹಸಿವಿಲ್ಲ ಎಂದರು.

ಇವರು ಕೆಟ್ಟವರಲ್ಲ. ಮನೆಯಲ್ಲಿ ಸಂಜೆಯ ಪ್ರಾರ್ಥನೆಯನ್ನು ಒಂದು ದಿನವೂ ತಪ್ಪಿಸಿದವರಲ್ಲ. ಆ ವಾರದಿಂದ ಅವರ ಹಾಸಿಗೆ ಹಾಲ್‌ನ ದಿವಾನಕ್ಕೆ ಹೋಯಿತು. "ನಿನಗೆ ರೆಸ್ಟ್ ಬೇಕು ಕಣೇ," ಎಂದರು. ಬಚ್ಚಲಲ್ಲಿ ಎರಡನೆಯ ಸೋಪಿನ ಡಬ್ಬಿ ಬಂತು. ಸಂಜೆ ಪ್ರಾರ್ಥನೆಯಲ್ಲಿ ಮಾತ್ರ ನನ್ನ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತಿತ್ತು. ಕೃಪೆ ತೋರು, ತಾಳ್ಮೆ ಕೊಡು, ಈಕೆಯಲ್ಲಿ ನಿನ್ನ ಕೆಲಸ ಪೂರ್ತಿ ಮಾಡು. ಕಣ್ಣು ಮುಚ್ಚಿಕೊಂಡು ಅದನ್ನು ಕೇಳುತ್ತಾ, ನನ್ನಲ್ಲಿ ದೇವರಿಗೆ ಇಷ್ಟೊಂದು ಕೆಲಸ ಇದೆಯೆಂದಾದರೆ ದಿವಾನದ ಮೇಲೆ ಮಲಗುವವರಲ್ಲಿ ಏನೂ ಇಲ್ಲವೇ ಎಂದುಕೊಳ್ಳುತ್ತಿದ್ದೆ.

ಸರ್ಕಾರಿ ಆಸ್ಪತ್ರೆಯಲ್ಲಿ ನಮ್ಮ ವಿಭಾಗ ಕಾರಿಡಾರಿನ ಕೊನೆಯಲ್ಲಿತ್ತು. ಮರದ ಬೆಂಚುಗಳು. ಕೈಯನ್ನು ಟವೆಲ್ಲಿನಲ್ಲಿ, ಸೆರಗಿನಲ್ಲಿ, ಪ್ಲಾಸ್ಟಿಕ್ ಕವರಿನ ಕೆಳಗೆ ಮುಚ್ಚಿಕೊಂಡ ಜನ. ಮೊದಲ ದಿನ ನಾನು ಗೋಡೆಗೆ ಒರಗಿ ನಿಂತೇ ಇದ್ದೆ. ಅಲ್ಲಿ ಕೂತರೆ ಅವರಲ್ಲೊಬ್ಬಳಾಗುತ್ತೇನೆ ಎಂಬ ಭಯ. ಒಬ್ಬ ಹೆಂಗಸು ಸರಿದು ಜಾಗ ಮಾಡಿ, "ಬರ್ರೀ ಅಕ್ಕಾರ, ಕುಂದರ್ರಿ. ಡಾಕ್ಟರ್ ಬರೂದು ತಡ ಐತಿ," ಎಂದಳು.

ಅವಳ ಹೆಸರು ಯಲ್ಲವ್ವ. ಬಾಗಲಕೋಟೆಯ ಕಡೆಯವಳು. ಶ್ರೀಗಂಧದ ಕಾವಲು ಎಂಬ ಬಡಾವಣೆಯಲ್ಲಿ ಕಟ್ಟುತ್ತಿದ್ದ ಮನೆಗಳ ಹತ್ತಿರ ಶೆಡ್ಡಿನಲ್ಲಿ ಗಂಡನ ಜೊತೆ ಇದ್ದಳು. ಕೂತ ಕೂಡಲೇ ಅವಳು ಕೇಳದೆ ನನ್ನ ಕೈ ತೆಗೆದುಕೊಂಡು ತಿರುಗಿಸಿ ನೋಡಿದಳು.

"ಇಷ್ಟಽ ಏನು? ನನಗ ಬೆನ್ನು ತುಂಬಾ ಐತ್ರಿ. ಗುಳಿಗಿ ತಿಂದ್ರ ಉಚ್ಚಿ ಕೆಂಪಗ ಬರ್ತೈತಿ, ಅಂಜಬ್ಯಾಡ್ರಿ. ನಾ ರಗತ ಅಂತ ತಿಳದು ಅತ್ತು ಕರದು ಇಡೀ ಶೆಡ್ಡಿನ ಮಂದೀನ ಎಬ್ಬಿಸಿದ್ನಿ."

ಅವಳು ನಕ್ಕಳು. ನಾನೂ ನಕ್ಕೆ. ಎಷ್ಟೋ ದಿನಗಳಿಂದ ಯಾರೂ ಹಿಡಿಯದ ಕೈ ಅವಳ ಮಡಿಲಲ್ಲಿ ಹಾಗೇ ಇತ್ತು. ಅದನ್ನು ವಾಪಸ್ಸು ತೆಗೆದುಕೊಳ್ಳಬೇಕೆಂದು ನನಗೆ ಅನ್ನಿಸಲಿಲ್ಲ.

ನಾಲ್ಕಾರು ತಿಂಗಳು ನಾವು ಒಂದೇ ದಿನ ಗುಳಿಗೆಗೆ ಹೋಗುತ್ತಿದ್ದೆವು. ಅವಳ ಗಂಡ ಹೊರಗೆ ಮರದ ಕೆಳಗೆ ಬೀಡಿ ಸೇದುತ್ತಾ ಕಾಯುತ್ತಿದ್ದ. ಒಂದು ತಿಂಗಳು ಅವಳು ಬರಲಿಲ್ಲ. ಮುಂದಿನ ತಿಂಗಳೂ ಇಲ್ಲ. ನಾನು ಶ್ರೀಗಂಧದ ಕಾವಲಿಗೆ ಹೋಗಿ ಹುಡುಕಿದೆ. ಶೆಡ್ಡುಗಳಿದ್ದ ಜಾಗದಲ್ಲಿ ಕಾಂಪೌಂಡ್ ಎದ್ದಿತ್ತು. ಗೃಹಪ್ರವೇಶದ ಮಾವಿನ ತೋರಣ ಬಾಡಿತ್ತು. ಅವಳ ಬೆನ್ನು ವಾಸಿಯಾಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಗುಳಿಗೆ ನನ್ನ ಮೈಬಣ್ಣವನ್ನು ಬದಲಾಯಿಸಿತು. ಮುಖ ಸುಟ್ಟ ತಾಮ್ರದಂತಾಯಿತು. ಚರ್ಚಿನ ಹೆಂಗಸರು ಕೇಳತೊಡಗಿದರು. ಕೊನೆಗೆ ಲೀಲಕ್ಕನಿಗೆ ಹೇಳಿದೆ. ಲೀಲಾವತಿ ನನಗಿಂತ ಸ್ವಲ್ಪ ದೊಡ್ಡವಳು, ಹೊಸಹಳ್ಳಿಯಲ್ಲಿ ಮನೆ. ಗಾಯನ ಮಂಡಳಿಯಲ್ಲಿ ನಾವಿಬ್ಬರೂ ಒಂದೇ ಹಾಡಿನ ಪುಸ್ತಕ ಹಿಡಿದು ಹಾಡುತ್ತಿದ್ದವರು. ಅವಳು ಕಣ್ಣಲ್ಲಿ ನೀರು ತಂದುಕೊಂಡಳು. "ನಾನು ಪ್ರಾರ್ಥನೆ ಮಾಡ್ತೀನಿ ಸುಗುಣಾ. ಯಾರಿಗೂ ಹೇಳಲ್ಲ."

ಯಾರಿಗೂ ಹೇಳಲಿಲ್ಲ ನಿಜ. ಬುಧವಾರದ ಹೆಂಗಸರ ಕೂಟದಲ್ಲಿ, ಎಲ್ಲರೂ ಸೇರಿ ಬೇಡಿಕೊಳ್ಳಲೆಂದು, ಪ್ರಾರ್ಥನಾ ವಿಷಯವಾಗಿ ಕೊಟ್ಟಳು. ನಮ್ಮಲ್ಲಿ ಚಾಡಿಗೆ ಮುಚ್ಚಿದ ಬಾಗಿಲು ಇದೆ, ಪ್ರಾರ್ಥನಾ ವಿಷಯಕ್ಕಿಲ್ಲ. ಮುಂದಿನ ಭಾನುವಾರ ಹಾಡುವಾಗ ಅವಳ ಕೈಯಲ್ಲಿ ಬೇರೆ ಪುಸ್ತಕವಿತ್ತು. ಕೂಟಕ್ಕೆ ನಾನು ಮಾಡಿಕೊಂಡು ಹೋದ ಅಕ್ಕಿರೊಟ್ಟಿ ಹೋದ ಹಾಗೇ ವಾಪಸ್ಸು ಬಂತು. ಅತ್ತೆ ಅದನ್ನು ಸಂಜೆ ಬಿಸಿ ಮಾಡಿಕೊಂಡು ತಿಂದರು.

ಸಭೆಯ ಪಾಲಕರು, ನಾವು ಅಯ್ಯನವರು ಎನ್ನುತ್ತೇವೆ, ಮನೆಗೆ ಬಂದರು. ಒಳ್ಳೆಯ ಮಾತುಗಾರರು. ಕುಂಬಾರ ಮಣ್ಣನ್ನು ತುಳಿದು, ಹದಮಾಡಿ, ಕೆಟ್ಟರೆ ಮತ್ತೆ ತಿಗರಿಗೆ ಹಾಕುತ್ತಾನೆ, ಬೇಸರಪಡುವುದಿಲ್ಲ ಎಂದರು. ದೇವರೂ ಹಾಗೆಯೇ, ಹಿಡಿದ ಕೆಲಸ ಬಿಡುವುದಿಲ್ಲ. ಆಮೇಲೆ ಎದ್ದು ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ತಲೆಯ ಮೇಲೆ ಭಾರವೇನೂ ಅನ್ನಿಸಲಿಲ್ಲ. ನನ್ನ ಚರ್ಮ ಅಲ್ಲಿಯೂ ಸತ್ತುಹೋಯಿತೇ ಎಂದು ಗಾಬರಿಯಾಗಿ ಕಣ್ಣು ತೆರೆದೆ. ಎದುರಿನ ಬೀರುವಿನ ಕನ್ನಡಿಯಲ್ಲಿ ಕಂಡಿತು. ಅವರ ಅಂಗೈ ನನ್ನ ಕೂದಲಿನಿಂದ ಒಂದು ಗೇಣು ಮೇಲೆ ನಿಂತಿತ್ತು. ಪ್ರಾರ್ಥನೆ ಮಾತ್ರ ತುಂಬ ಚೆನ್ನಾಗಿತ್ತು. ಕರ್ತನು ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ್ದನ್ನೂ ನೆನೆದರು.

ಚಪ್ಪಲಿ ಹಾಕಿಕೊಳ್ಳುತ್ತಾ ಬಂದ ವಿಷಯ ಹೇಳಿದರು. "ಟೀಚರಮ್ಮ, ಕರ್ತನ ಭೋಜನದ ದಿನ ನೀವು ಕೊನೇಲಿ ಬಂದ್ರೆ ಒಳ್ಳೇದು. ನನಗೋಸ್ಕರ ಅಲ್ಲ. ವಿಶ್ವಾಸದಲ್ಲಿ ಬಲಹೀನರು ಇರ್ತಾರಲ್ಲ, ಅವರಿಗೋಸ್ಕರ."

"ಹರಡಲ್ಲ ಅಂತ ಡಾಕ್ಟ್ರು ಹೇಳಿದಾರೆ ಅಯ್ಯನವರೆ."

"ನನಗೆ ಗೊತ್ತಮ್ಮ. ನೀವು ಬಲವುಳ್ಳವರು, ಸಹಿಸ್ಕೋತೀರ."

ನನ್ನ ಗಂಡ ಗೇಟಿನ ತನಕ ಹೋಗಿ ಅವರನ್ನು ಬೀಳ್ಕೊಟ್ಟು ಬಂದರು. ಒಳಗಿನಿಂದ ಅತ್ತೆ, "ಏನಂತೆ?" ಎಂದರು. ಹೇಳಿದೆ.

ನಮ್ಮ ಚರ್ಚಿನಲ್ಲಿ ಕರ್ತನ ಭೋಜನಕ್ಕೆ ಜನ ಸಾಲುಸಾಲಾಗಿ ಮುಂದೆ ಹೋಗಿ ಕಟಕಟೆಯ ಎದುರು ಮಂಡಿಯೂರುತ್ತಾರೆ. ಅಯ್ಯನವರು ರೊಟ್ಟಿ ಕೊಟ್ಟು, ಆಮೇಲೆ ಒಂದೇ ಬೆಳ್ಳಿಯ ಪಾತ್ರೆಯಿಂದ ಎಲ್ಲರಿಗೂ ದ್ರಾಕ್ಷಾರಸ ಕುಡಿಸುತ್ತಾರೆ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಅದೇ ಪಾತ್ರೆ. ಒಂದೇ ದೇಹ ಎಂಬುದರ ಗುರುತು ಅದು ಎಂದು ಚಿಕ್ಕಂದಿನಿಂದ ಕಲಿತಿದ್ದೆ. ಆ ಭಾನುವಾರ ಸಾಲುಗಳು ಎದ್ದುಹೋಗಿ ವಾಪಸ್ಸು ಬಂದವು. ನನ್ನ ಗಂಡ ಹೋಗಿ ಬಂದು, ಮುಖ ಮುಚ್ಚಿಕೊಂಡು ಪ್ರಾರ್ಥನೆಗೆ ಕೂತರು. ಎಲ್ಲರೂ ಮುಗಿದ ಮೇಲೆ ನಾನು ಒಬ್ಬಳೇ ನಡೆದು ಹೋದೆ. ಅಷ್ಟುದ್ದದ ಕಟಕಟೆಯ ಮುಂದೆ ಒಬ್ಬಳೇ ಮಂಡಿಯೂರಿದೆ. ಬೆನ್ನ ಮೇಲೆ ಇಡೀ ಸಭೆಯ ಕಣ್ಣು.

ಹಿಂದಿನಿಂದ ಕೋಲಿನ ಸದ್ದು ಕೇಳಿಸಿತು. ಅತ್ತೆ. ಅವರು ಯಾವಾಗಲೂ ಮೊದಲ ಸಾಲಿನಲ್ಲಿ ಹೋಗುವವರು. ಅವತ್ತು ಕೂತಲ್ಲೇ ಕೂತಿದ್ದನ್ನು ನಾನು ಗಮನಿಸಿರಲಿಲ್ಲ. ಬಂದವರು ನನ್ನ ಎಡಕ್ಕೆ ಬೇಕಾದಷ್ಟು ಜಾಗವಿದ್ದರೂ ಬಲಕ್ಕೆ ಬಂದು, ಕೋಲು ಕೆಳಗಿಟ್ಟು, ಕಟಕಟೆ ಹಿಡಿದುಕೊಂಡು ಕಷ್ಟಪಟ್ಟು ಮಂಡಿಯೂರಿದರು. ಪಾತ್ರೆ ಬರುವುದು ಎಡದಿಂದ ಬಲಕ್ಕೆ. ನನ್ನ ನಂತರ ಅವರು.

ನಾನು ಕುಡಿದೆ. ಅಯ್ಯನವರು ಪಾತ್ರೆಯ ಅಂಚನ್ನು ಬಟ್ಟೆಯಲ್ಲಿ ಒರೆಸಿದರು. ಮತ್ತೊಮ್ಮೆ ಒರೆಸಿದರು. ಇನ್ನೂ ಒರೆಸುತ್ತಲೇ ಇದ್ದರು.

"ಕೊಡಿ ಅಯ್ಯನವರೆ," ಎಂದರು ಅತ್ತೆ, ಮೆಲ್ಲಗೆ ಮಾತಾಡುವ ಅಭ್ಯಾಸವೇ ಇಲ್ಲದವರು. "ಮಂಡಿ ನೋಯ್ತಾ ಇದೆ."

ಅವರು ಕುಡಿದರು. ಎದ್ದೇಳಲು ನನ್ನ ಭುಜ ಹಿಡಿದುಕೊಂಡರು. ಮನೆಗೆ ಬಂದ ಮೇಲೆ ನಾನು ಅದರ ಬಗ್ಗೆ ಏನೋ ಹೇಳಲು ಹೋದರೆ, "ಸಾರಿಗೆ ಒಗ್ಗರಣೆ ಹಾಕು, ಹೊತ್ತಾಯ್ತು," ಎಂದರು. ಕೃಪೆಯ ಬಗ್ಗೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ನನಗೆ ಅದು ಕಣ್ಣಿಗೆ ಕಂಡದ್ದು ಆ ಒಂದು ಸಲ, ಅದೂ ನನ್ನ ಪಾಪದ ವಿಷಯದಲ್ಲಿ ಅಭಿಪ್ರಾಯ ಬದಲಿಸದ ಒಬ್ಬ ಮುದುಕಿಯಲ್ಲಿ.

ಆಮೇಲಿನದು ಕಷ್ಟದ ಕಾಲ. ಗುಳಿಗೆ ಕೆಲಸ ಮಾಡುತ್ತಿರುವಾಗಲೇ ಮೈಯೊಳಗೆ ಏನೋ ಕೆರಳಿ, ಮೊಣಕೈಯ ನರ ಊದಿಕೊಂಡಿತು. ಏನೂ ತಿಳಿಯದಿದ್ದ ಕೈಯಲ್ಲಿ ಈಗ ನೋವು, ಎಂಥ ನೋವೆಂದರೆ ಸೆರಗು ತಗುಲಿದರೂ ಜೀವ ಹೋಗುತ್ತಿತ್ತು. ಬೇರೆ ಮಾತ್ರೆ ಕೊಟ್ಟರು, ಮುಖ ಊದಿತು. ನರದ ಊತ ಇಳಿಯುವ ಹೊತ್ತಿಗೆ ಬಲಗೈಯ ಕೊನೆಯ ಎರಡು ಬೆರಳು ಒಳಕ್ಕೆ ಮಡಿಚಿಕೊಂಡಿದ್ದವು. ಬೋರ್ಡಿನ ಮೇಲೆ ನನ್ನ ಅಕ್ಷರ ದುಂಡಗಿದೆಯೆಂದು ಇಡೀ ಶಾಲೆಯೇ ಹೊಗಳುತ್ತಿತ್ತು. ಈಗ ಸೀಮೆಸುಣ್ಣ ನಿಲ್ಲುತ್ತಿರಲಿಲ್ಲ. ಮಕ್ಕಳು ನಗಲಿಲ್ಲ. ನಕ್ಕಿದ್ದರೆ ಬೈಯಬಹುದಿತ್ತು.

ಆ ದಿನಗಳಲ್ಲಿ ದೇವರ ಮೇಲೆ ನನಗೆ ಸಿಟ್ಟಿತ್ತು. ಸಿಟ್ಟು ಈಗಲೂ ಪೂರ್ತಿ ಹೋಗಿಲ್ಲ. ಆದರೂ ಅವನನ್ನು ಬಿಡಲಿಲ್ಲ, ಬಿಟ್ಟು ಹೋಗಲು ಬೇರೆ ಮನೆ ನನಗಿರಲಿಲ್ಲ. ಅವನೂ ನನ್ನನ್ನು ಬಿಡಲಿಲ್ಲ ಎಂದು ಈಗ ಅನ್ನಿಸುತ್ತದೆ, ಆದರೆ ಆಗ ಹಾಗೆ ಹೇಳಿದವರನ್ನು ಕಂಡರೆ ಆಗುತ್ತಿರಲಿಲ್ಲ. ನಂಬುವವರಲ್ಲಿ ದೇವರು ತಾಳ್ಮೆಯಿಂದ ಕೆಲಸ ಮಾಡುತ್ತಾನೆ ಎಂಬ ಮಾತನ್ನು ನಾನು ಒಪ್ಪುತ್ತೇನೆ. ಅದನ್ನು ಆರೋಗ್ಯವಂತರು ರೋಗಿಗೆ ಹೇಳಬಾರದು, ಅಷ್ಟೇ. ತಮ್ಮ ವಿಷಯದಲ್ಲಿ ಹೇಳಿಕೊಳ್ಳಲಿ. ಅವರಲ್ಲೂ ಕೆಲಸ ಬಾಕಿ ಇದೆ.

ನನ್ನ ಗಂಡನಲ್ಲಿ ಅದು ನಿಧಾನವಾಗಿ ನಡೆಯಿತು. ಬೆರಳು ಸೆಟೆದುಕೊಳ್ಳದಂತೆ ದಿನವೂ ಎಣ್ಣೆ ಹಚ್ಚಿ ನೀವಬೇಕೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಒಂದು ಸಂಜೆ ನಾನು ಎಡಗೈಯಲ್ಲಿ ಒದ್ದಾಡುತ್ತಿದ್ದಾಗ ಅವರು ಎಣ್ಣೆ ಬಟ್ಟಲು ಎಳೆದುಕೊಂಡು ಕೂತರು. ಬೆರಳನ್ನು ಹಿಡಿದರು.

"ಕ್ಷಮಿಸು ಅನ್ನೋಕೂ ಮುಖ ಇಲ್ಲ ಕಣೇ," ಎಂದರು.

ಅವತ್ತಿನಿಂದ ದಿನವೂ ನೀವುತ್ತಾರೆ. ಹಾಸಿಗೆಯೂ ಕೋಣೆಗೆ ವಾಪಸ್ಸಾಯಿತು. ಎಷ್ಟೋ ಸಲ ಕ್ಷಮಿಸಿದ್ದೇನೆಂದು ಹೇಳಬೇಕೆಂದು ಬಾಯಿ ತೆರೆದಿದ್ದೇನೆ, ಆಗ ಬಸ್ಸಿನ ಆ ಖಾಲಿ ಸೀಟು ಕಣ್ಣಿಗೆ ಬರುತ್ತದೆ.

ಔಷಧ ಮುಗಿದು, ಡಾಕ್ಟರು ವಾಸಿಯಾಯಿತೆಂದ ಮೇಲೆ ಅಯ್ಯನವರು ಮತ್ತೆ ಬಂದರು. ಸುಗ್ಗಿ ಹಬ್ಬದ ಆರಾಧನೆಯಲ್ಲಿ ನಾನು ಸಾಕ್ಷಿ ಹೇಳಬೇಕಂತೆ. "ಹೆಸರು ಹೇಳೋದು ಬೇಡಮ್ಮ. ಒಂದು ದೊಡ್ಡ ಕಾಯಿಲೆಯಿಂದ ಬಿಡಿಸಿದ ಅಂದ್ರೆ ಸಾಕು. ಬೇರೆ ಸಭೆಯವರೂ ಬಂದಿರ್ತಾರೆ."

"ಹೆಸರು ಹೇಳದೆ ಇದ್ರೆ ಅವನು ಏನು ಬಿಡಿಸಿದ ಅಂತ ಹೇಗೆ ಗೊತ್ತಾಗುತ್ತೆ ಅಯ್ಯನವರೆ?"

"ದೇವರಿಗೆ ಮಹಿಮೆ ಆದ್ರೆ ಆಯ್ತಲ್ಲಮ್ಮ."

"ಕರ್ತ ಮುಟ್ಟಿದ್ದನ್ನ ನೀವು ಪಾತ್ರೆಯಿಂದ ಒರೆಸಿದ್ರಿ. ಅದನ್ನೂ ಹೇಳಬೇಕಾಗುತ್ತೆ," ಎಂದೆ. ಅವರು ಕಾಫಿ ಮುಗಿಸದೆ ಎದ್ದರು. ಹಬ್ಬದಲ್ಲಿ ಬೈಕ್ ಅಪಘಾತದಿಂದ ಪಾರಾದ ಒಬ್ಬರು ಸಾಕ್ಷಿ ಹೇಳಿದರಂತೆ, ತುಂಬ ಚೆನ್ನಾಗಿತ್ತಂತೆ.

ಇದಾಗಿ ಕೆಲವು ತಿಂಗಳಿಗೆ ಲೀಲಕ್ಕ ನಮ್ಮ ಮನೆಗೆ ಬಂದಳು. ಎಷ್ಟು ಕಾಲದ ನಂತರ. ಬಾಗಿಲು ಹಾಕಿಸಿ, ಸೀರೆಯನ್ನು ಮೊಣಕಾಲ ತನಕ ಎತ್ತಿದಳು. ಕಣಕಾಲಿನ ಮೇಲೆ ಬಿಳಿಯ ಮಚ್ಚೆ.

"ಇದು ಅದೇನಾ ಸುಗುಣಾ? ಮನೇಲಿ ಯಾರಿಗೂ ಹೇಳಿಲ್ಲ. ಮಗಳಿಗೆ ಗಂಡು ನೋಡ್ತಾ ಇದೀವಿ." ಆಮೇಲೆ ಗೋಡೆ ನೋಡುತ್ತಾ ಕೇಳಿದಳು, "ನಿನ್ನಿಂದಾನೇ ಬಂದಿದ್ದು, ಅಲ್ವಾ?"

ನನ್ನೊಳಗೆ ಮೊದಲು ಎದ್ದದ್ದು ಕನಿಕರವಲ್ಲ. ಬರಲಿ, ಇವಳಿಗೂ ಬರಲಿ ಎಂಬ ಒಂದು ಮಾತು ಎದ್ದಿತು. ಅದನ್ನು ಇಲ್ಲಿ ಬರೆಯದಿದ್ದರೆ ಇದೂ ಮುಸುಕು ಹಾಕಿದ ಕಥೆಯಾಗುತ್ತದೆ. ನೀರು ತರುವ ನೆಪದಲ್ಲಿ ಅಡಿಗೆಮನೆಗೆ ಹೋದೆ. ಅತ್ತೆ ಅಲ್ಲಿ ಅವರೆಕಾಯಿ ಸುಲಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಕರ್ಕೊಂಡು ಹೋಗು," ಎಂದರು.

"ಅವಳು ಏನಂದ್ಲು ಕೇಳಿದ್ರಾ?"

"ಕೇಳ್ದೆ. ಮೊದ್ಲು ಕರ್ಕೊಂಡು ಹೋಗು. ಬಂದ್ಮೇಲೆ ಬೈಕೊ."

ಮರುದಿನ ಬೆಳಿಗ್ಗೆ ಲೀಲಕ್ಕ ಮುಖದ ತುಂಬ ಸೆರಗು ಹೊದ್ದು ಬಂದಳು. ಆಟೋದಲ್ಲಿ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಬಂದಳು, ಆ ಮಡಿಚಿದ ಕೈಯನ್ನೇ. ಕಾರಿಡಾರಿನಲ್ಲಿ ಬೆಂಚಿಗೆ ಕೂರಲಿಲ್ಲ, ಗೋಡೆಗೆ ಒರಗಿ ನಿಂತಳು. ಹಾಗೆ ನಿಲ್ಲುವುದು ಏನೆಂದು ನನಗೆ ಗೊತ್ತಿದ್ದರಿಂದ ನಾನೂ ಪಕ್ಕದಲ್ಲಿ ನಿಂತೆ. ಅವಳ ತುಟಿ ಪ್ರಾರ್ಥನೆಯಲ್ಲಿ ಅಲ್ಲಾಡುತ್ತಿತ್ತು.

ಡಾಕ್ಟರಮ್ಮ ಹತ್ತಿಯಿಂದ ಮುಟ್ಟಿದಾಗೆಲ್ಲ ಲೀಲಕ್ಕ ಸರಿಯಾಗಿ ಬೆರಳು ತೋರಿಸಿದಳು. ಪಿನ್ನಿಗೆ ಕಾಲು ಎಳೆದುಕೊಂಡಳು. "ಇದು ತೊನ್ನು ಅಮ್ಮ. ಅದಲ್ಲ. ಹೆದರ್ಕೋಬೇಡಿ," ಎಂದರು ಡಾಕ್ಟರಮ್ಮ.

ಹೊರಗೆ ಬಂದ ಕೂಡಲೇ ಲೀಲಕ್ಕನಿಗೆ ಅಳು ನಗು ಒಟ್ಟಿಗೇ ಬಂತು. ಕಾರಿಡಾರಿನ ನಡುವೆ ನಿಂತು ಎರಡೂ ಕೈ ಮೇಲೆತ್ತಿದಳು. "ಸ್ತೋತ್ರ ಕರ್ತನೆ, ಸ್ತೋತ್ರ. ಈ ಕಾಯಿಲೆ ನನ್ನನ್ನ ಮುಟ್ಟದ ಹಾಗೆ ಕಾಪಾಡಿದೆಯಲ್ಲ. ಎಂಥಾ ಕೃಪೆ ಸುಗುಣಾ, ಎಂಥಾ ಕೃಪೆ." ಅವಳ ದನಿ ಹಾಡುವವಳ ದನಿ, ಕಾರಿಡಾರಿನ ಕೊನೆಯ ತನಕ ಕೇಳಿಸಿತು. ಬೆಂಚಿನ ಮೇಲೆ ಕೂತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಒಬ್ಬರು ಟವೆಲ್ಲನ್ನು ಕೈಯ ಮೇಲೆ ಇನ್ನಷ್ಟು ಎಳೆದುಕೊಂಡರು.

"ಬಾ, ಹೋಗೋಣ," ಎಂದಳು. ಸೆರಗು ತಲೆಯಿಂದ ಜಾರಿತ್ತು, ಅವಳಿಗೆ ಈಗ ಅದು ಬೇಕಾಗಿರಲಿಲ್ಲ.

"ನೀವು ಹೋಗಿ ಅಕ್ಕ. ನಾನು ಆಮೇಲೆ ಬರ್ತೀನಿ."

ಅವಳು ಒತ್ತಾಯ ಮಾಡಲಿಲ್ಲ. ಅವಳು ಗೇಟು ದಾಟುವುದನ್ನು ನೋಡಿದೆ. ಬೆಂಚಿನ ಕಡೆ ಹೋದಾಗ ಒಬ್ಬ ಮುದುಕರು ಸರಿದು ಜಾಗ ಮಾಡಿಕೊಟ್ಟರು.

"ಹೊಸಬರಾ ಅಮ್ಮ?" ಎಂದು ಕೇಳಿದರು.

"ಇಲ್ಲ," ಎಂದೆ. "ಹಳಬಳು." ಅವರ ಪಕ್ಕದಲ್ಲಿ ಕೂತೆ.